ಉಳಿತಾಯ ಅವರದು, ಕಾಯುವ ಪಾಳಿ ನಮ್ಮದು

ಇಂಜಿನಿಯರುಗಳ ಬಾಯಲ್ಲಿ ಒಂದು ಮಾತು ಸದಾ ಓಡಾಡುತ್ತಿರುತ್ತದೆ. ಅಗ್ಗವಾಗಿರಬೇಕು, ನಂಬಿಕೆಗೆ ಅರ್ಹವಾಗಿರಬೇಕು, ಕರೆಂಟನ್ನೂ ಕಡಿಮೆ ತಿನ್ನಬೇಕು ಎಂದು ಮೂರನ್ನೂ ಒಟ್ಟಿಗೆ ಕೇಳಬೇಡಿ. ಎರಡನ್ನು ಆರಿಸಿಕೊಳ್ಳಿ, ಮೂರನೆಯದನ್ನು ಮರೆತುಬಿಡಿ! ಟೆಲಿಫೋನು ಜಾಲವನ್ನು ಕಟ್ಟುವ ಕೆಲಸದಲ್ಲಿರುವ ನನ್ನ ತಂಗಿಯ ಮಗನೂ ಇದನ್ನೇ ಹೇಳುತ್ತಾನೆ. ಅದೇನೋ ವೇದವಾಕ್ಯ ಎನ್ನುವಂತೆ ಹೇಳುತ್ತಾನೆ. ನನಗೆ ನಗು ಬರುತ್ತದೆ. ತಿಂಗಳ ಕೊನೆಯ ವಾರದಲ್ಲಿ ಕೈಯಲ್ಲಿರುವ ದುಡ್ಡು, ಸಿಲಿಂಡರಿನಲ್ಲಿ ಉಳಿದಿರುವ ಗ್ಯಾಸು, ಹೊತ್ತಿಗೆ ಸರಿಯಾಗಿ ಆಗಲೇಬೇಕಾದ ಅಡುಗೆ ಇವು ಮೂರನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗುವ ನಮಗೆ ಯಾರಾದರೂ "ಎರಡು ಸಾಕು, ಮೂರನೆಯದನ್ನು ಬಿಡಿ" ಎಂದು ರಿಯಾಯಿತಿ ಕೊಟ್ಟಿದ್ದಾರೆಯೆ? "ಈ ವಾರ ಗ್ಯಾಸು ಉಳಿಸಿದೆ, ಆದ್ದರಿಂದ ಊಟವಿಲ್ಲ" ಎಂದು ತಟ್ಟೆ ಖಾಲಿ ಇಟ್ಟರೆ ಮನೆಯವರು ಒಪ್ಪುತ್ತಾರೆಯೆ?

ನಮ್ಮ ಅಡುಗೆಮನೆಯ ಕುಕ್ಕರನ್ನೇ ನೋಡಿ. ಅದು ಬೇಳೆಯನ್ನು ಬೇಗ ಬೇಯಿಸುತ್ತದೆ, ಉರುವಲು ಉಳಿಸುತ್ತದೆ, ದುಡ್ಡೂ ಉಳಿಸುತ್ತದೆ. ಮೂರನ್ನೂ ಒಟ್ಟಿಗೆ ಮಾಡುತ್ತದೆ. ಯಾಕೆಂದರೆ ಅದನ್ನು ರೂಪಿಸಿದವರು ಬೇಯಿಸುವ ಕೆಲಸ ಯಾವುದು, ಹಬೆ ಎಲ್ಲಿ ಪೋಲಾಗುತ್ತಿದೆ ಎಂದು ಮೊದಲು ಯೋಚಿಸಿದರು. "ಎರಡನ್ನು ಆರಿಸಿಕೊಳ್ಳಿ" ಎನ್ನುವ ಮಾತು ಪೂರ್ತಿ ಸುಳ್ಳಲ್ಲ, ನಾನು ಅಷ್ಟು ಹಟಮಾರಿಯಲ್ಲ. ಆದರೆ ಅದು ಯೋಚನೆ ನಿಲ್ಲಿಸುವುದಕ್ಕೆ ಒಳ್ಳೆಯ ನೆಪ. ಇನ್ನೊಂದು ವಿಷಯ ನೋಡಿ: ಆ ಎರಡನ್ನು ಆರಿಸುವವರು ಯಾವಾಗಲೂ ಅವರು, ಬಿಟ್ಟ ಮೂರನೆಯದರ ಫಲ ಉಣ್ಣುವವರು ಯಾವಾಗಲೂ ನಾವು.

ನನಗೆ ಈ ಬಗ್ಗೆ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಇಂಜಿನಿಯರಿಂಗು ನಾನು ಓದಿಲ್ಲ. ಇರುವುದು ತುಮಕೂರಿನ ಸೋಮೇಶ್ವರಪುರಂನಲ್ಲಿ. ತವರು ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಒಂದು ಹಳ್ಳಿ. ಮಗಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ನನ್ನ ಸಂಸಾರ ಈ ಮೂರು ಊರುಗಳ ನಡುವೆ ಹಗ್ಗದ ಮೇಲೆ ಹರವಿದ ಬಟ್ಟೆಯ ಹಾಗೆ ಹರಡಿಕೊಂಡಿದೆ. ಆ ಹಗ್ಗ ಎಂದರೆ ಫೋನು. ನಿಮ್ಮಲ್ಲಿ ಎಷ್ಟು ಜನರ ಸ್ಥಿತಿ ಇದೇ ಅಲ್ಲ? ಅಮ್ಮನ ಮಾತ್ರೆ, ಮಗಳ ಬಾಣಂತನ, ಸೊಸೆಯ ಬಸ್ಸು ಹೊರಟಿತೋ ಇಲ್ಲವೋ, ಎಲ್ಲವೂ ಆ ಹಗ್ಗದ ಮೇಲೇ. ಹಗ್ಗ ಹರಿದರೆ ಬಟ್ಟೆ ಮಣ್ಣಿಗೆ ಬೀಳುವುದು ನಮ್ಮದು. ಅಷ್ಟು ಅಧಿಕಾರ ಸಾಲದೆ?

ಹಳೆಯ ಟೆಲಿಫೋನನ್ನು ನೆನಪು ಮಾಡಿಕೊಳ್ಳಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದು, ಕೊನೆಗೆ ಬಂದ ಆ ಕಪ್ಪು ಪೆಟ್ಟಿಗೆಗೆ ಕ್ರೋಷಾ ಹೆಣೆದ ಮುಸುಕು ಹೊದಿಸಿ ಪೂಜೆ ಮಾಡುವುದೊಂದು ಬಾಕಿ ಇತ್ತು. ಮಳೆ ಬಂದರೆ ಲೈನು ಸತ್ತಿರುತ್ತಿತ್ತು. ಲೈನ್‌ಮನ್ನನ್ನು ಕಾಫಿ ಕೊಟ್ಟು ಒಲಿಸಿಕೊಳ್ಳಬೇಕಿತ್ತು. ಆ ಕಾಲವೇ ಚೆನ್ನಾಗಿತ್ತು ಎನ್ನುವ ಹಳಹಳಿಕೆ ನನಗಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿದ್ದೀರಾ? ಮನೆಯಲ್ಲಿ ಕರೆಂಟು ಹೋದರೂ ಆ ಫೋನು ನಡೆಯುತ್ತಿತ್ತು. ಯಾಕೆಂದರೆ ಅದಕ್ಕೆ ಬೇಕಾದ ವಿದ್ಯುತ್ತು ನಮ್ಮ ಮನೆಯ ಪ್ಲಗ್ಗಿನಿಂದ ಬರುತ್ತಿರಲಿಲ್ಲ; ಮಾತು ಹೊತ್ತು ತರುತ್ತಿದ್ದ ಅದೇ ತಾಮ್ರದ ತಂತಿಯ ಮೇಲೆ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಅಲ್ಲಿ 48 ವೋಲ್ಟಿನ ಬ್ಯಾಟರಿಗಳ ಸಾಲು ಇರುತ್ತಿತ್ತು, ಅದರ ಹಿಂದೆ ಜನರೇಟರು. ಊರು ಕತ್ತಲಾದರೂ ಫೋನು ಉಳಿಯಬೇಕು ಎಂಬುದು ಆ ವಿನ್ಯಾಸದ ಮೊದಲ ಮಾತಾಗಿತ್ತು. ಬ್ಯಾಟರಿ ನೋಡಿಕೊಳ್ಳುವ ಹೊಣೆ ಸೇವೆ ಕೊಡುವವರದು, ಮಾತಾಡುವುದಷ್ಟೇ ನಮ್ಮದು. ಈಗ ಮನೆಗೆ ಬರುವ ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ಕರೆಂಟು ಹರಿಯುವುದಿಲ್ಲ. ಅದರ ಕೊನೆಗಿರುವ ಪುಟ್ಟ ಪೆಟ್ಟಿಗೆಗೆ ಮನೆಯ ಕರೆಂಟೇ ಆಧಾರ. ಹೊಣೆ ಸದ್ದಿಲ್ಲದೆ ನಮ್ಮ ಮನೆ ಗೋಡೆಗೆ ಬಂದು ನೇತುಹಾಕಿಕೊಂಡಿತು. ಯಾರಾದರೂ ನಮಗೆ ಹೇಳಿದರೆ?

ಮೂರನ್ನೂ ಒಟ್ಟಿಗೆ ಸಾಧಿಸಲಾಗದು ಎನ್ನುವವರಿಗೆ ನಾನು ಯಾವಾಗಲೂ ಕಿತ್ತೂರನ್ನು ತೋರಿಸುತ್ತೇನೆ. ಹೌದು, ಚೆನ್ನಮ್ಮನ ಕಿತ್ತೂರೇ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅವರು ಹಳ್ಳಿಗಳಿಗೆಂದು 128 ಲೈನುಗಳ ಒಂದು ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿದರು. ಅದನ್ನು 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ಆಗಿನ ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಹಳ್ಳಿಯಲ್ಲಿ ಹವಾನಿಯಂತ್ರಣ ಎಲ್ಲಿಂದ ಬರಬೇಕು? ನಮ್ಮವರು ಪ್ರಶ್ನೆಯನ್ನೇ ತಿರುಗಿಸಿದರು. ಕೋಣೆಯನ್ನು ತಂಪು ಮಾಡುವುದು ಹೇಗೆ ಎಂದು ಕೇಳುವ ಬದಲು, ಯಂತ್ರವೇ ಬಿಸಿಯಾಗದಂತೆ ಮಾಡುವುದು ಹೇಗೆ ಎಂದು ಕೇಳಿದರು. ಕಡಿಮೆ ವಿದ್ಯುತ್ತು ತಿನ್ನುವ ಬಿಡಿಭಾಗಗಳನ್ನು ಆರಿಸಿದರು. ಬರಿಯ ಗಾಳಿ ಓಡಾಡಿದರೆ ಸಾಕು ಎನ್ನುವಂತೆ, ಧೂಳು ಮತ್ತು ಹುಳ ಹೊಗದಂತೆ ಲೋಹದ ಪೆಟ್ಟಿಗೆ ಮಾಡಿದರು. ಫಲವೇನಾಯಿತು? ಹವಾನಿಯಂತ್ರಣದ ಖರ್ಚು ಉಳಿಯಿತು. ವಿದ್ಯುತ್ತು ಉಳಿಯಿತು. ಹವಾನಿಯಂತ್ರಣ ಕೆಟ್ಟು ಎಕ್ಸ್‌ಚೇಂಜು ನಿಲ್ಲುವ ಭಯವೂ ಹೋಯಿತು. ಮೂರು ಹಕ್ಕಿ, ಒಂದೇ ಕಲ್ಲು! ಅದು ಮಂತ್ರದಿಂದ ಆದದ್ದಲ್ಲ. ಬಳಸುವವರು ಎಲ್ಲಿದ್ದಾರೆ, ಹೇಗಿದ್ದಾರೆ ಎನ್ನುವುದರಿಂದ ಲೆಕ್ಕ ಶುರುಮಾಡಿದ್ದರಿಂದ ಆದದ್ದು.

ಆಮೇಲೆ ಮೊಬೈಲು ಬಂತು. 1995ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಕರೆ ಹೋದಾಗ ಅದು ಶ್ರೀಮಂತರ ಆಟಿಕೆ. ಬಂದ ಕರೆಗೂ ದುಡ್ಡು ಕಟ್ಟಬೇಕಿದ್ದ ಕಾಲ. ಆ ಪದ್ಧತಿ ಹೋದದ್ದು 2003ರಲ್ಲಿ. ಅಲ್ಲಿಂದ ದರ ಇಳಿಯುತ್ತ ಬಂದು ಹೂ ಕಟ್ಟುವವಳ ಸೆರಗಿನ ಗಂಟಿನಲ್ಲೂ ಫೋನು ಬಂದು ಕೂತಿತು. ಇದು ಸಣ್ಣ ಸಾಧನೆಯಲ್ಲ. ಒಂದು ಕಾಲಕ್ಕೆ ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ನಿಂತು, ಓಡುವ ಮೀಟರಿನ ಮೇಲೆ ಕಣ್ಣಿಟ್ಟು, ಅಳುವನ್ನೂ ಅರ್ಧಕ್ಕೇ ನುಂಗಿ ಫೋನು ಇಟ್ಟ ಹೆಣ್ಣುಮಕ್ಕಳಿಗೆ ಅಗ್ಗದ ಬೆಲೆ ಏನೆಂದು ಗೊತ್ತು. ಆದ್ದರಿಂದ ಅಗ್ಗವಾಗಿರಬೇಕು ಎನ್ನುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಆ ಅಗ್ಗ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಕೊಳ್ಳುವವಳಿಗೆ ಇದ್ದೇ ಇದೆ. ಸೊಪ್ಪು ಅಗ್ಗವಾಗಿ ಸಿಕ್ಕರೆ ಕಟ್ಟು ಬಿಚ್ಚಿ ನೋಡುವುದಿಲ್ಲವೆ ನಾವು?

ಬಿಚ್ಚಿ ನೋಡೋಣ. ಒಂದು ಮೊಬೈಲು ಜಾಲ ತಿನ್ನುವ ವಿದ್ಯುತ್ತಿನಲ್ಲಿ ಬಹುಪಾಲು ಟವರುಗಳದ್ದೇ. ಹಳ್ಳಿಯ ಟವರಿಗೆ ಕರೆಂಟಿದ್ದರೆ ಕರೆಂಟು, ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ಡೀಸೆಲ್ ಜನರೇಟರು. ಈ ಸರಪಳಿಯಲ್ಲಿ ಖರ್ಚು ಕಡಿಮೆ ಮಾಡುವುದಕ್ಕೆ ಸುಲಭದ ದಾರಿ ಯಾವುದು? ಹಳತಾದ ಬ್ಯಾಟರಿಯನ್ನು ಇನ್ನೊಂದು ವರ್ಷ ತಳ್ಳುವುದು. ಡೀಸೆಲ್ಲನ್ನು ಇವತ್ತಲ್ಲ ನಾಳೆ ತುಂಬಿಸುವುದು. ಜನರೇಟರೇ ಬೇಡ, ನಾಲ್ಕು ಗಂಟೆ ನಿಂತರೆ ಏನಾದೀತು ಎಂದುಕೊಳ್ಳುವುದು. ಹೀಗೆ ಮಾಡಿದಾಗ ಅವರ ಪುಸ್ತಕದಲ್ಲಿ ಖರ್ಚೂ ಇಳಿಯುತ್ತದೆ, ಇಂಧನವೂ ಉಳಿಯುತ್ತದೆ. ಎರಡು ಸಿಕ್ಕವು! ಬಿಟ್ಟದ್ದು ಮೂರನೆಯದು. ಆ ಮೂರನೆಯದು ಹೇಗಿರುತ್ತದೆ ಎಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮುಂಗಾರಿಗೆ ಮುಂಚಿನ ಒಂದು ಸಂಜೆ, ಗಾಳಿಮಳೆಗೆ ನನ್ನ ತವರಿನಲ್ಲಿ ಕಂಬ ಮುರಿದು ಕರೆಂಟು ಹೋಯಿತು. ಎರಡು ಗಂಟೆಯಾಗುವುದರೊಳಗೆ ಊರಿಗೆ ಆಧಾರವಾಗಿದ್ದ ಒಂದೇ ಟವರೂ ನಿಂತಿತು. ರಾತ್ರಿ ಒಂಬತ್ತರ ಹೊತ್ತಿಗೆ ಅತ್ತಿಗೆಗೆ ಎದೆ ಹಿಡಿದುಕೊಂಡಿತು. 108ಕ್ಕೆ ಫೋನು ಮಾಡಬೇಕು. ಮನೆಯಲ್ಲಿ ನಾಲ್ಕು ಫೋನುಗಳಿದ್ದವು, ಒಂದರಲ್ಲೂ ಉಸಿರಿಲ್ಲ. ಅಣ್ಣನ ಮಗ ಮಳೆಯಲ್ಲಿ ಬೈಕು ಹತ್ತಿ, ಸಿಗ್ನಲ್ಲು ಹುಡುಕಿಕೊಂಡು ಕತ್ತಲ ರಸ್ತೆಯಲ್ಲಿ ಹೋದ. ಅವನು ಹೋದವನು ಏನಾದನೋ ತಿಳಿಯದೆ ಇತ್ತ ಅವನ ಹೆಂಡತಿ, ಅತ್ತೆಯ ಕೈ ಉಜ್ಜುತ್ತ ಬಾಗಿಲು ನೋಡುತ್ತ ಕೂತಳು. ತುಮಕೂರಿನಲ್ಲಿ ನಾನು ಇದ್ಯಾವುದೂ ತಿಳಿಯದೆ, "ನೀವು ಕರೆ ಮಾಡಿದ ಚಂದಾದಾರರು" ಎನ್ನುವ ಆ ಸವಿಮಾತಿನ ಹುಡುಗಿಯ ದನಿಯನ್ನು ಹನ್ನೊಂದು ಸಲ ಕೇಳಿದೆ. ಅತ್ತಿಗೆ ಬದುಕಿದರು, ದೇವರು ದೊಡ್ಡವನು. ಆದರೆ ವೈದ್ಯರು ಹೇಳಿದ ಮಾತು "ಇನ್ನೊಂದು ಗಂಟೆ ಮುಂಚೆ ಬರಬೇಕಿತ್ತು" ಎಂದು. ಆ ಒಂದು ಗಂಟೆ ಯಾರ ಲೆಕ್ಕದ ಪುಸ್ತಕದಲ್ಲಿದೆ, ಹೇಳಿ? ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ಕಂಪನಿಯ ಮೇಲಿನ ಸಿಟ್ಟಿಗಾಗಿ ನಾನು ಇದನ್ನು ಬರೆಯುತ್ತಿಲ್ಲ.

"ಎರಡು ಕಂಪನಿಯ ಸಿಮ್ಮು ಇಟ್ಟುಕೊಳ್ಳಬೇಕಪ್ಪ" ಎಂದು ಬುದ್ಧಿ ಹೇಳಿದವರಿದ್ದಾರೆ. ಆ ಮನೆಯಲ್ಲಿ ಇದ್ದದ್ದು ಎರಡು ಕಂಪನಿಯ ಸಿಮ್ಮುಗಳೇ! ಇಲ್ಲೊಂದು ಸಣ್ಣ ಲೆಕ್ಕವಿದೆ, ಹೆದರಬೇಡಿ, ಹಾಲಿನ ಲೆಕ್ಕಕ್ಕಿಂತ ಸುಲಭ. ಒಂದು ಫೋನು ನೂರಕ್ಕೆ 99 ಹೊತ್ತು ನಡೆಯುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ವರ್ಷಕ್ಕೆ 8,760 ಗಂಟೆ. ಅದರಲ್ಲಿ ನೂರಕ್ಕೊಂದು ಎಂದರೆ 87 ಗಂಟೆಗೂ ಹೆಚ್ಚು, ಅಂದರೆ ಮೂರೂವರೆ ದಿನಕ್ಕಿಂತ ಹೆಚ್ಚು ಕಾಲ ಫೋನಿಲ್ಲ. ಈಗ ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಥ ಎರಡು ಫೋನುಗಳಿದ್ದರೆ ಎರಡೂ ಒಟ್ಟಿಗೆ ಸಾಯುವ ಸಂಭವ ಹತ್ತು ಸಾವಿರಕ್ಕೆ ಒಂದು. ವರ್ಷಕ್ಕೆ ಒಂದು ಗಂಟೆಯೂ ಇಲ್ಲ! ಎರಡು ಸಿಮ್ಮಿನ ಭರವಸೆ ನಿಂತಿರುವುದು ಈ ಲೆಕ್ಕದ ಮೇಲೆ. ಆದರೆ "ಸಂಬಂಧವೇ ಇಲ್ಲದ" ಎನ್ನುವ ಮಾತು ಮುಖ್ಯ. ಖರ್ಚು ಉಳಿಸಲು ಎರಡೂ ಕಂಪನಿಗಳು ಒಂದೇ ಟವರನ್ನು ಬಾಡಿಗೆಗೆ ಹಿಡಿದಿರುತ್ತವೆ. ಮೇಲೆ ಬೇರೆ ಬೇರೆ ಆಂಟೆನಾ, ಕೆಳಗೆ ಒಂದೇ ಕರೆಂಟು, ಒಂದೇ ಬ್ಯಾಟರಿ ಕೋಣೆ. ಎರಡು ಬಾವಿ ಇವೆ ಎಂದು ನಂಬಿಸಿ ಒಂದೇ ಬಾವಿಗೆ ಎರಡು ರಾಟೆ ಹಾಕಿದಂತೆ. ಬಾವಿ ಬತ್ತಿದರೆ ರಾಟೆ ಎಷ್ಟಿದ್ದರೇನು? ಟವರು ಹಂಚಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಊರಿಗೆ ನಾಲ್ಕು ಟವರು ನಿಲ್ಲಿಸುವುದಕ್ಕಿಂತ ಒಂದನ್ನು ಹಂಚಿಕೊಳ್ಳುವುದರಲ್ಲಿ ಕಬ್ಬಿಣ, ನೆಲ, ದುಡ್ಡು ಎಲ್ಲಕ್ಕೂ ಉಳಿತಾಯವಿದೆ. ಆದರೆ ಎರಡು ಸಂಸಾರ ಒಂದೇ ಬಾವಿಯಿಂದ ಕುಡಿಯುವಾಗ ಬಾವಿಯನ್ನು ಎರಡರಷ್ಟು ಆಳ ತೋಡಬೇಕು ಎನ್ನುವುದು ಸಾಮಾನ್ಯ ತಿಳಿವಳಿಕೆ. ಉಳಿದ ದುಡ್ಡಿನಲ್ಲಿ ಒಂದು ಪಾಲಾದರೂ ಆ ಬ್ಯಾಟರಿ ಕೋಣೆಗೆ ಹೋಗಬೇಕಿತ್ತು.

ಸರ್ಕಾರ ಏನು ಮಾಡುತ್ತಿದೆ ಎನ್ನುವಿರಾ? ನಿಯಮಗಳಿಗೇನೂ ಕಮ್ಮಿಯಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಮಾಡಿದ ನಿಯಮದಂತೆ ಒಂದು ಕಂಪನಿಯ ಟವರುಗಳು ಸೇವೆಯಿಲ್ಲದೆ ನಿಂತ ಹೊತ್ತು ಒಟ್ಟಾರೆ ನೂರಕ್ಕೆ ಎರಡನ್ನು ಮೀರಬಾರದಿತ್ತು. ಒಟ್ಟಾರೆ! ಅಲ್ಲೇ ಇರುವುದು ಚಮತ್ಕಾರ. ಕರ್ನಾಟಕದ ಎಲ್ಲ ಟವರುಗಳನ್ನೂ ಒಂದೇ ಹಂಡೆಗೆ ಹಾಕಿ ಕದಡಿ ಸರಾಸರಿ ತೆಗೆದರೆ, ಬೆಂಗಳೂರಿನ ಸಾವಿರ ಟವರುಗಳ ಪುಣ್ಯ ಹಾಗಲವಾಡಿಯ ಒಂದು ಟವರಿನ ಪಾಪವನ್ನು ತೊಳೆದುಬಿಡುತ್ತದೆ. ಮನೆಯಲ್ಲಿ ಹತ್ತು ಜನ ಉಂಡು ಒಬ್ಬಳು ಉಪವಾಸವಿದ್ದರೆ ಸರಾಸರಿ ಊಟ ಚೆನ್ನಾಗಿಯೇ ಇರುತ್ತದೆ. ಆ ಒಬ್ಬಳು ಯಾರಾಗಿರುತ್ತಾಳೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 2024ರಲ್ಲಿ ಹೊಸ ನಿಯಮ ಬಂತು: ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗೂ ಮೀರಿ ನಿಂತರೆ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ ಅಥವಾ ಅವಧಿ ವಿಸ್ತರಣೆ ಕೊಡಬೇಕು. ಒಳ್ಳೆಯದೇ. ಆದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಪಾವಗಡದಿಂದ ಕುಣಿಗಲ್ಲಿನವರೆಗೆ ಇಡೀ ಜಿಲ್ಲೆ ಒಂದು ದಿನ ಪೂರ್ತಿ ಮೂಕವಾಗುವವರೆಗೆ ಕಾಯಬೇಕೆ? ನನ್ನ ಅತ್ತಿಗೆಗೆ ಬೇಕಾಗಿದ್ದದ್ದು 24 ಗಂಟೆಯಲ್ಲ, ಒಂದು ನಿಮಿಷದ ಕರೆ.

ಇಂಧನದ ಮಾತಿಗೆ ಬರೋಣ. "ಜನರೇಟರು ಓಡಿಸಿದರೆ ಹೊಗೆಯಲ್ಲವೆ, ಭೂಮಿ ಬಿಸಿಯಾಗುವುದಿಲ್ಲವೆ?" ಎಂದು ಕೇಳುವವರಿದ್ದಾರೆ. ನಿಜವೇ. 2011ರಲ್ಲಿ ಅದೇ ಪ್ರಾಧಿಕಾರ ಲೆಕ್ಕ ಹಾಕಿದಾಗ ದೇಶದ ಟವರುಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್ ಕುಡಿಯುತ್ತಿದ್ದವು. ಒಂದು ಲೀಟರ್ ಸುಟ್ಟರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡು. ಅದನ್ನು ನೋಡಿ ಗಾಬರಿಯಾದ ಸರ್ಕಾರ 2012ರ ಜನವರಿಯಲ್ಲಿ, 2015ರ ಹೊತ್ತಿಗೆ ಹಳ್ಳಿಗಳ ಅರ್ಧದಷ್ಟು ಟವರುಗಳು ಸೂರ್ಯ, ಗಾಳಿ ಇತ್ಯಾದಿಗಳ ಶಕ್ತಿಯನ್ನು ಮಾಮೂಲಿ ಕರೆಂಟಿನ ಜತೆ ಬೆರೆಸಿ ನಡೆಯಬೇಕೆಂದು ಆದೇಶ ಹೊರಡಿಸಿತು. 2015 ಬಂತು, ಹೋಯಿತು. ಗುರಿ ಮುಟ್ಟಲಿಲ್ಲ. ಮೊದಲ ಖರ್ಚು ಹೆಚ್ಚು, ಜಾಗ ಸಾಲದು, ಫಲಕ ಕದಿಯುತ್ತಾರೆ ಎಂದು ಕಾರಣಗಳು ಬಂದವು. ಇರಬಹುದು. ಆದರೆ ಈ ಜಿಲ್ಲೆಯಲ್ಲಿ ಕೂತು ಆ ಕಾರಣಗಳನ್ನು ಕೇಳುವುದು ಕಷ್ಟ. ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು 2019ರ ಕೊನೆಗೆ ಪೂರ್ತಿಯಾಯಿತು. ಕಣ್ಣು ಹಾಯಿಸಿದಷ್ಟೂ ಗಾಜು! ನಮ್ಮ ಬಿಸಿಲನ್ನು ಅಷ್ಟು ಅಚ್ಚುಕಟ್ಟಾಗಿ ಕೊಯ್ದು ಊರಾಚೆ ಕಳಿಸುವುದು ಸಾಧ್ಯ, ಆದರೆ ಅದೇ ಬಿಸಿಲಿನಲ್ಲಿ ಚೇಳೂರು ಕಡೆಯ ಒಂದು ಟವರಿನ ಬ್ಯಾಟರಿ ತುಂಬಿಸುವುದು ಅಸಾಧ್ಯ ಎಂದರೆ ನಂಬುವುದು ಹೇಗೆ? ಸೌರ ಫಲಕಕ್ಕೆ ಮೊದಲು ದುಡ್ಡು ಹೆಚ್ಚು ಬೇಕು, ಆಮೇಲೆ ಬಿಸಿಲಿಗೆ ಬಿಲ್ಲು ಬರುವುದಿಲ್ಲ. ಡೀಸೆಲ್ಲಿಗೆ ಮೊದಲು ಕಡಿಮೆ, ಆಮೇಲೆ ಜೀವನಪೂರ್ತಿ ಕಂತು. ಚೀಟಿ ಹಾಕಿ ಮಿಕ್ಸಿ ಕೊಂಡ ನಮಗೆ ಇದು ಅರ್ಥವಾಗುತ್ತದೆ. ಕೋಟಿಗಟ್ಟಲೆ ಲೆಕ್ಕ ಬರೆಯುವವರಿಗೆ ಆಗುವುದಿಲ್ಲವೆ?

ಇನ್ನೊಂದು ಗುಟ್ಟು. ಟವರು ಹತ್ತಿರವಿಲ್ಲದಿದ್ದರೆ, ಸಿಗ್ನಲ್ಲು ಕ್ಷೀಣವಾಗಿದ್ದರೆ, ನಮ್ಮ ಕೈಯ ಫೋನು ಗಂಟಲು ಹರಿದುಕೊಂಡು ಕೂಗಬೇಕಾಗುತ್ತದೆ. ಹೆಚ್ಚು ಶಕ್ತಿ ಬಳಸುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅಂದರೆ ಟವರುಗಳ ಸಂಖ್ಯೆ ಕಡಿಮೆ ಮಾಡಿ ಕಂಪನಿ ಉಳಿಸಿದ ವಿದ್ಯುತ್ತಿನಲ್ಲಿ ಒಂದು ಪಾಲು ನಮ್ಮ ಚಾರ್ಜರಿನ ಮೂಲಕ ನಮ್ಮ ಬಿಲ್ಲಿಗೇ ಬರುತ್ತದೆ. ಇದನ್ನು ಉಳಿತಾಯ ಎನ್ನುವುದೋ, ಜೇಬು ಬದಲಾವಣೆ ಎನ್ನುವುದೋ?

ಯಾರ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಶುರುಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಹಳ್ಳಿಯಲ್ಲೇ ಹುಟ್ಟಬೇಕೆಂದು ಅದರ ವಿಸ್ತರಣಾ ಕೇಂದ್ರವನ್ನು ಉಂಗ್ರದಲ್ಲಿ ತೆರೆದರು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇಂಧನದ ಲೆಕ್ಕ ಹಾಕಿದ್ದು. ಎಷ್ಟು ಸೀಮೆಎಣ್ಣೆ, ಎಷ್ಟು ಕರೆಂಟು ಎಂದಷ್ಟೇ ಅಲ್ಲ. ಸೌದೆ ತರಲು ಎಷ್ಟು ಗಂಟೆ, ನೀರು ತರಲು ಎಷ್ಟು ಗಂಟೆ, ಆ ಗಂಟೆಗಳು ಯಾರವು ಎಂದೂ ಬರೆದುಕೊಂಡರು. ಹಳ್ಳಿ ನಡೆಯುವ ಮನುಷ್ಯ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು ಎಂದು ಆ ಲೆಕ್ಕದಿಂದ ಗೊತ್ತಾಯಿತು. ನಮಗೆ ಮೊದಲೇ ಗೊತ್ತಿತ್ತು ಬಿಡಿ, ಆದರೆ ಅಂಕಿಯಾಗಿ ಬರೆದರು ನೋಡಿ, ಅದು ದೊಡ್ಡ ಮಾತು. ಆ ಲೆಕ್ಕ ಹಾಕಿದವರ ಕೈಯಿಂದಲೇ ಅಸ್ತ್ರ ಒಲೆ ಬಂತು. ಮೂರು ಪಾತ್ರೆ ಇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ, ಕಡಿಮೆ ಸೌದೆ ತಿನ್ನುವ ಒಲೆ. ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರ ಸಗಣಿಯ ಅನಿಲದಿಂದ ದೀಪ ಉರಿಯಿತು, ಕುಡಿಯುವ ನೀರು ನಲ್ಲಿಗೆ ಬಂತು. 1988ರಲ್ಲಿ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ಕರೆಂಟು ಮಾಡಿದರು. ಎಲ್ಲವೂ ಇದೇ ಕುಣಿಗಲ್ ಸೀಮೆಯಲ್ಲಿ. ಹೆಂಗಸಿನ ಒಂದು ಗಂಟೆಯೂ ಒಂದು ಖರ್ಚು ಎಂದು ಒಪ್ಪಿಕೊಂಡ ಮೇಲೆ ವಿನ್ಯಾಸವೇ ಬೇರೆಯಾಗುತ್ತದೆ. ಟವರಿನ ನಕ್ಷೆ ಹಾಕುವವರು ಆ ಒಂದು ಅಂಕಣವನ್ನು ತಮ್ಮ ಕಾಗದದಲ್ಲಿ ಗೆರೆ ಎಳೆದು ಸೇರಿಸಿದ್ದರೆ, ಮಳೆಯಲ್ಲಿ ಸಿಗ್ನಲ್ಲು ಹುಡುಕಿದ ಹೊತ್ತು, ಬಾಗಿಲಲ್ಲಿ ಕಾದ ಹೊತ್ತು, ಎದೆ ನೋವಿನ ಆ ಒಂದು ಗಂಟೆ ಎಲ್ಲವೂ ಖರ್ಚಿನ ಕಡೆ ಬಂದು ಕೂರುತ್ತಿದ್ದವು. ಆಗ ಹೊಸ ಬ್ಯಾಟರಿ ದುಬಾರಿ ಎನಿಸುತ್ತಿರಲಿಲ್ಲ.

"ಹಾಗಾದರೆ ನೀವು ಹೆಚ್ಚು ದರ ಕೊಡಲು ಸಿದ್ಧರೋ?" ಎಂಬುದು ನನ್ನ ತಂಗಿಯ ಮಗನ ಬ್ರಹ್ಮಾಸ್ತ್ರ. ಸ್ವಾಮಿ, ನಾವು ಕೊಡುತ್ತಲೇ ಇದ್ದೇವೆ! 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದವು. ಏರಿಸಿದ ದುಡ್ಡಿನಲ್ಲಿ ಹಳ್ಳಿಯ ಬ್ಯಾಟರಿಗೆ ಎಷ್ಟು ಹೋಯಿತೆಂದು ಯಾರೂ ನಮಗೆ ಲೆಕ್ಕ ಒಪ್ಪಿಸಲಿಲ್ಲ. ನನ್ನ ಅಮ್ಮನ ವಯಸ್ಸಿನವರು, ಗುಂಡಿ ಒತ್ತುವ ಫೋನಿನವರು, ಬರಿಯ ಮಾತಿಗಾಗಿ ಫೋನು ಇಟ್ಟುಕೊಂಡವರು. ಅವರೂ ಸಿನಿಮಾ ನೋಡುವವರ ಇಂಟರ್ನೆಟ್ಟಿನ ದುಡ್ಡು ಕಟ್ಟುತ್ತ ಬಂದರು. ಬರಿಯ ಮಾತು ಮತ್ತು ಸಂದೇಶಕ್ಕೆಂದೇ ಪ್ರತ್ಯೇಕ ರೀಚಾರ್ಜು ಕೊಡಿ ಎಂದು ಪ್ರಾಧಿಕಾರ ಕಂಪನಿಗಳಿಗೆ ಹೇಳಬೇಕಾಗಿ ಬಂದದ್ದು 2024ರ ಡಿಸೆಂಬರಿನಲ್ಲಿ. ಅಜ್ಜಿಗೆ ಗಂಜಿ ಸಾಕು ಎಂದರೂ ಮದುವೆ ಊಟದ ಬಿಲ್ಲು ಹಾಕುವುದು, ಕೊನೆಗೆ ಗಂಜಿಯನ್ನೂ ಕೊಡದಿರುವುದು ಯಾವ ನ್ಯಾಯ?

ಮತ್ತೆ ದರ ಏರಿಸದೆಯೂ ಮಾಡಬಹುದಾದದ್ದು ಬಹಳಷ್ಟಿದೆ. ಮನೆಯ ಯು.ಪಿ.ಎಸ್. ನೋಡಿ. ಕರೆಂಟು ಹೋದಾಗ ಅದಕ್ಕೆ ಫ್ರಿಜ್ಜು, ಗೀಸರು ಹಾಕುತ್ತೇವೆಯೆ? ಎರಡು ದೀಪ, ಒಂದು ಫ್ಯಾನು. ಟವರಿನಲ್ಲೂ ಹಾಗೇ ಮಾಡಬಹುದು. ಒಂದೇ ಟವರಿನಲ್ಲಿ ಹಲವು ಪದರಗಳ ಯಂತ್ರಗಳಿರುತ್ತವೆ. ವೇಗದ ಇಂಟರ್ನೆಟ್ಟಿಗೆ ಬೇಕಾದವು ಹೆಚ್ಚು ವಿದ್ಯುತ್ತು ತಿನ್ನುತ್ತವೆ. ಕರೆಂಟು ಹೋದ ಕೂಡಲೇ ಅವನ್ನು ಮಲಗಿಸಿ, ಮಾತಿಗೆ ಬೇಕಾದ ಒಂದು ಪದರವನ್ನು ಮಾತ್ರ ಎಚ್ಚರವಾಗಿಟ್ಟರೆ ಅದೇ ಬ್ಯಾಟರಿ ಇನ್ನಷ್ಟು ಗಂಟೆ ಬಾಳುತ್ತದೆ. ರಾತ್ರಿ ಎಲ್ಲರೂ ಮಲಗಿರುವಾಗ ಹೆಚ್ಚುವರಿ ಯಂತ್ರಗಳನ್ನು ಮಲಗಿಸುವ ವಿದ್ಯೆ ಕಂಪನಿಗಳಿಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದರಲ್ಲಿ ಅವರ ಬಿಲ್ಲು ಉಳಿಯುತ್ತದೆ. ಅದೇ ವಿದ್ಯೆಯನ್ನು ಕತ್ತಲಾದ ಹಳ್ಳಿಯ ಸಲುವಾಗಿ ಬಳಸಿ ಎನ್ನುವುದು ದೊಡ್ಡ ಬೇಡಿಕೆಯೆ? ಸಿನಿಮಾ ಅರ್ಧಕ್ಕೆ ನಿಂತರೆ ಯಾರೂ ಸಾಯುವುದಿಲ್ಲ.

ದೊಡ್ಡ ವಿಪತ್ತು ಬಂದಾಗ ಎಲ್ಲರಿಗೂ ಬುದ್ಧಿ ಬರುತ್ತದೆ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ, ಕರೆಂಟಿಲ್ಲದ ಅಲ್ಲಿನ ಬಿ.ಎಸ್.ಎನ್.ಎಲ್. ಟವರನ್ನು ಜನರೇಟರಿನಿಂದ ನಡೆಸಿ, ರಕ್ಷಣೆಗೆ ಬಂದವರಿಗೆ ಮಾತಿನ ದಾರಿ ಮಾಡಿಕೊಟ್ಟರು. ಅವರಿಗೆ ಕೈಮುಗಿಯೋಣ. ಆದರೆ ಒಂದು ಮನೆಯ ವಿಪತ್ತು ಆ ಮನೆಗೆ ವಯನಾಡೇ ಅಲ್ಲವೆ? ಪತ್ರಿಕೆಯಲ್ಲಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. 2025ರ ಸೆಪ್ಟೆಂಬರ್ 27ರಂದು ಬಿ.ಎಸ್.ಎನ್.ಎಲ್. 97,500ಕ್ಕೂ ಹೆಚ್ಚು ಟವರುಗಳಲ್ಲಿ ಸ್ವದೇಶಿ 4ಜಿ ಆರಂಭಿಸಿತು. ಅದರಲ್ಲಿ ಅದೇ ಸಿ-ಡಾಟ್‌ನ ಕೈಯಿದೆ, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸಿನ ಕೈಯಿದೆ. ಸೌರಶಕ್ತಿಯಿಂದ ನಡೆಯುವ ಟವರುಗಳೆಂದು ಸರ್ಕಾರ ಹೇಳಿಕೊಂಡಿತು. ಕೇಳಿ ಸಂತೋಷವಾಯಿತು. ಆದರೆ ಫಲಕ ಹಾಕಿದ ದಿನದ ಫೋಟೋಕ್ಕಿಂತ, ಐದು ವರ್ಷದ ಮೇಲೆ ಅದರ ಧೂಳು ಒರೆಸುವವರು, ಬ್ಯಾಟರಿ ಬದಲಿಸುವವರು ಯಾರೆಂಬುದು ನನಗೆ ಮುಖ್ಯ. ಒಲೆ ಕಟ್ಟುವುದು ಒಂದು ದಿನದ ಕೆಲಸ. ಬೂದಿ ತೆಗೆಯುವುದು ದಿನದಿನದ್ದು.

ನಾವು ಕೇಳಬೇಕಾದದ್ದು ಇಷ್ಟು. ಒಂದು, ಸರಾಸರಿ ಬೇಡ. ಪ್ರತಿ ಟವರಿನ ಲೆಕ್ಕ ಬೇಕು. ಹಾಲಿನ ಪೊಟ್ಟಣದ ಮೇಲೆ ದಿನಾಂಕ ಇರುವ ಹಾಗೆ, ಈ ಟವರು ಕರೆಂಟಿಲ್ಲದೆ ಎಷ್ಟು ಗಂಟೆ ಬಾಳುತ್ತದೆ, ಬ್ಯಾಟರಿ ಯಾವ ವರ್ಷದ್ದು ಎಂದು ಅದರ ಬೇಲಿಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ಎರಡು, ಕರೆಂಟು ಹೋದಾಗ ಮಾತು ಕೊನೆಗೆ ನಿಲ್ಲಬೇಕು, ಮೊದಲಲ್ಲ. ಮೂರು, ಊರಿಗೆ ಒಂದೇ ಟವರಿದ್ದರೆ ಅದಕ್ಕೆ ಸೌರ ಫಲಕ ಮೊದಲು ಬರಲಿ. ನಾಲ್ಕು ಟವರಿರುವ ಪೇಟೆಗೆ ಆಮೇಲೆ. ನಾಲ್ಕು, ಹೆರಿಗೆ ಆಗುವ ಆಸ್ಪತ್ರೆಯ ಸುತ್ತ ಎರಡು ಕಂಪನಿಗಳ ಬ್ಯಾಟರಿ ಒಂದೇ ಕೋಣೆಯಲ್ಲಿ ಇರಕೂಡದು. ಇವುಗಳಲ್ಲಿ ಯಾವುದೂ ಚಂದ್ರನ ಮೇಲೆ ಹೋಗುವಷ್ಟು ಕಷ್ಟದ್ದಲ್ಲ. ಚಂದ್ರನ ಮೇಲಂತೂ ಹೋಗಿ ಬಂದಾಗಿದೆ!

ಈ ಮಾತನ್ನು ಗಂಡಸರು ಕೇಳಲಿ ಎಂದು ಕಾಯಬೇಡಿ. ನಿಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಐದು ನಿಮಿಷ ಇದನ್ನೂ ಎತ್ತಿ. ಗ್ರಾಮಸಭೆಯಲ್ಲಿ ನಲ್ಲಿ, ಚರಂಡಿಯ ಜತೆಗೆ ಟವರಿನ ಬ್ಯಾಟರಿಯನ್ನೂ ಕೇಳಿ. ಟವರು ನಿಂತ ದಿನ ಮತ್ತು ಗಂಟೆಯನ್ನು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಮಾಡಿ. ವರ್ಷದ ಕೊನೆಗೆ ಹತ್ತು ಮನೆಗಳ ಕ್ಯಾಲೆಂಡರುಗಳನ್ನು ಒಟ್ಟಿಗೆ ಇಟ್ಟರೆ ಅದೇ ಒಂದು ದಾಖಲೆ. ಅವರ ಸರಾಸರಿಗೆ ನಮ್ಮ ಉತ್ತರ. ನಮ್ಮ ಗಂಟೆಗಳನ್ನು ಬೇರೆಯವರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಮೊದಲು ನಾವೇ ಬರೆದಿಡೋಣ. ಬರೆದಿಟ್ಟ ಲೆಕ್ಕವನ್ನು ಇಲ್ಲವೆನ್ನುವುದು ಯಾವ ಇಂಜಿನಿಯರಿಗೂ ಸುಲಭವಲ್ಲ.